ಹಳೆ ಬ್ಲಾಕಿನ ಮೇಲೆ ಹೊಸ ಹೆಡ್ಡು

ಡಿಪ್‌ಸ್ಟಿಕ್ ಎಳೆದು ನೋಡಿದೆ. ತುದಿಗೆ ಹತ್ತಿದ್ದ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಇಂಜಿನ್ನಿನ ನೀರು ಎಣ್ಣೆಯೊಳಗೆ ಸೇರಿತ್ತು, ಅಂದರೆ ಹೆಡ್ಡು ಬಿರಿದಿತ್ತು. ಆ ಹೆಡ್ಡನ್ನು ಅದಕ್ಕೂ ಮೊದಲು ಎರಡು ಸಲ ನಾನೇ ವೆಲ್ಡಿಂಗ್ ಮಾಡಿಸಿ ಕೂರಿಸಿದ್ದೆ. ಮೂರನೆಯ ಸಲಕ್ಕೆ ಅದರಲ್ಲಿ ಜೀವ ಉಳಿದಿರಲಿಲ್ಲ.

“ಏನಾತ್ರಿ ಅಣ್ಣಾರ?” ಬಾನೆಟ್ಟಿನ ಆಚೆ ನಿಂತಿದ್ದ ಹೆಣ್ಣುಮಗಳು ಕೇಳಿದಳು.

ಗಾಡಿ ಸತ್ತಿದೆ ಎನ್ನಲು ಬಾಯಿ ಬರಲಿಲ್ಲ. “ಕೆಲಸ ಐತಿ” ಎಂದೆ.

ಕಾರು ನನ್ನ ಹೆಂಡತಿಯದು. ಎಂಟುನೂರು ಸಿಸಿಯ ಹಳೆಯ ಪುಟ್ಟ ಕಾರು, ಮೂರು ಸಿಲಿಂಡರಿನದು, ಕಾರ್ಬೊರೇಟರ್ ಕಾಲದ್ದು. ಅದರಲ್ಲಿ ಅವಳು ಉಪ್ಪಲ್ ಸುತ್ತಮುತ್ತಲಿನ ಹೆಂಗಸರಿಗೆ ಡ್ರೈವಿಂಗ್ ಕಲಿಸುತ್ತಿದ್ದಳು. ಎಡಗಡೆಯ ಸೀಟಿನ ಕೆಳಗೆ ಅವಳಿಗಾಗಿ ಇನ್ನೊಂದು ಜೊತೆ ಕ್ಲಚ್, ಬ್ರೇಕ್ ಪೆಡಲುಗಳನ್ನು ನಾನೇ ಕೂರಿಸಿ ಕೊಟ್ಟಿದ್ದೆ. ಕಲಿಸುವಾಗ ಅವಳು ಚಪ್ಪಲಿ ಹಾಕುತ್ತಿರಲಿಲ್ಲ. ಬರಿಗಾಲಿಗೆ ಪೆಡಲಿನ ಮಾತು ಗೊತ್ತಾಗುತ್ತದೆ ಎನ್ನುತ್ತಿದ್ದಳು. ಕಲಿಯುವವಳ ಕೈ ಕುದುರಿತು ಅನ್ನಿಸಿದ ದಿನ ಪೆಡಲಿನಿಂದ ಎರಡೂ ಕಾಲು ತೆಗೆದು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು. “ಇನ್ನ ನಾ ಇಲ್ಲಂತ ತಿಳಕೊಂಡು ಹೊಡಿ” ಎನ್ನುತ್ತಿದ್ದಳು. ಅವಳ ಹತ್ತಿರ ಕಲಿತವರು ಯಾರೇ ಭೇಟಿಯಾದರೂ ಮೊದಲು ಹೇಳುವುದು ಅದನ್ನೇ. ಅಕ್ಕಾರು ನನಗ ಇಂಥಾ ರಸ್ತೆದಾಗ ಕಾಲು ಮಡಚಿದ್ರು, ಅಂತ.

ಶ್ರಾವಣದಲ್ಲಿ ಒಂದು ಸಂಜೆ ಜ್ವರ ಎನ್ನುತ್ತ ಕಾರಿನಿಂದಿಳಿದು ಬರಿಗಾಲಲ್ಲೇ ಮನೆಯೊಳಗೆ ಬಂದಳು. ಅದೇ ಜ್ವರದಲ್ಲಿ ಹೋದಳು. ಚಪ್ಪಲಿ ಎಡ ಸೀಟಿನ ಕೆಳಗೇ ಉಳಿದವು. ನಾನು ತೆಗೆಯಲಿಲ್ಲ. ಕಾರು ನನ್ನ ಗ್ಯಾರೇಜಿನ ಮೂಲೆಯಲ್ಲಿ ನಿಂತಿತು. ಬೇರೆಯವರ ಗಾಡಿಗಳ ಕೆಲಸ ಮಾಡುತ್ತ ನಾನು ಆ ಮೂಲೆಗೆ ಬೆನ್ನು ಹಾಕಿ ಕೂರುವುದನ್ನು ರೂಢಿ ಮಾಡಿಕೊಂಡೆ.

ದಸರೆ ಮುಗಿದ ಮೇಲೆ ಈ ಹೆಣ್ಣುಮಗಳು ಬಂದಳು. ಯಾದಗಿರಿ ಕಡೆಯವಳು. ಕಟ್ಟಡದ ಕೆಲಸಕ್ಕೆಂದು ಈ ತೆಲುಗು ಶಹರಕ್ಕೆ ಬಂದು ವರ್ಷಗಟ್ಟಲೆ ಇಟ್ಟಿಗೆ ಹೊತ್ತವಳು. ನನ್ನ ಹೆಂಡತಿಯ ಕೊನೆಯ ಶಿಷ್ಯೆ. ಪಾಠ ಅರ್ಧಕ್ಕೆ ನಿಂತಿತ್ತು. ಪಟಾನ್‌ಚೆರುವಿನ ಒಂದು ಔಷಧಿ ಕಾರ್ಖಾನೆಗೆ ಹೆಂಗಸರನ್ನು ಕರೆದೊಯ್ಯುವ ವ್ಯಾನಿಗೆ ಹೆಣ್ಣು ಡ್ರೈವರ್ ಬೇಕಿತ್ತು. ಯುಗಾದಿಯೊಳಗೆ ಲೈಸೆನ್ಸ್ ತಂದರೆ ಕೆಲಸ ನಿನ್ನದು, ಇರಲು ಕೋಣೆಯೂ ಉಂಟು ಎಂದು ಗುತ್ತಿಗೆದಾರ ಹೇಳಿದ್ದನಂತೆ.

“ಬೇರೆ ಸ್ಕೂಲಿಗೆ ಹೋಗಿ ನೋಡಿದೆರಿ. ಅವ ತೆಲುಗಿನ್ಯಾಗ ಒದರ್ತಾನ. ಒದರಿದ್ರ ನನಗ ಎಡಗಾಲ ಯಾವ್ದು ಬಲಗಾಲ ಯಾವ್ದು ತಿಳಿಯಂಗಿಲ್ಲ. ಅಕ್ಕಾರ ಗಾಡಿ ಕೈಗೆ ಕುಂತೈತಿ. ನೀವು ಬಾಜೂಕ ಕುಂದ್ರಿ ಸಾಕು, ಏನೂ ಕಲಸೂದು ಬ್ಯಾಡ.”

ಆ ಮಾತಿಗೆ ಬಾನೆಟ್ ತೆಗೆದಿದ್ದೆ. ಇಂಜಿನ್ ಶುರುವಾಗಿ ಹಿಂದಿನಿಂದ ಬಿಳಿ ಹೊಗೆ ಬಂತು. ಆಮೇಲೆಯೇ ಡಿಪ್‌ಸ್ಟಿಕ್ ಎಳೆದದ್ದು.

ಇಂಜಿನ್ನು ತಿಳಿಯದವರಿಗೆ ಎರಡು ಮಾತು. ಕೆಳಗಿನ ಭಾಗ ಬ್ಲಾಕು. ಅದರ ಕೊಳವೆಗಳಲ್ಲಿ ಪಿಸ್ಟನ್ನುಗಳು ಏರಿ ಇಳಿಯುತ್ತವೆ. ಮೇಲಿನ ಭಾಗ ಹೆಡ್ಡು. ಅದರಲ್ಲಿರುವ ವಾಲ್ವುಗಳು ಬಾಗಿಲಿನ ಹಾಗೆ ತೆರೆದು ಮುಚ್ಚಿ ಗಾಳಿ ಮತ್ತು ಪೆಟ್ರೋಲನ್ನು ಒಳಗೆ ಬಿಡುತ್ತವೆ, ಹೊಗೆಯನ್ನು ಹೊರಗೆ ಹಾಕುತ್ತವೆ. ಎರಡರ ನಡುವೆ ಗ್ಯಾಸ್ಕೆಟ್ ಎಂಬ ತೆಳು ಹಾಳೆ. ಹಳೆ ಕಾರಿನ ಹೆಡ್ಡಿನಲ್ಲಿ ಒಂದು ಸಿಲಿಂಡರಿಗೆ ಎರಡು ವಾಲ್ವು. ಅದೇ ಕಾರಿನ ಮುಂದಿನ ಪೀಳಿಗೆಯಲ್ಲಿ ನಾಲ್ಕು.

ಹಳೆಯ ಹೆಡ್ಡು ಹೊಸದಾಗಿ ಸಿಗುವುದು ನಿಂತು ಕಾಲವಾಗಿದೆ. ಗುಜರಿಯಲ್ಲಿ ಸಿಕ್ಕವೆಲ್ಲ ಅದೇ ಜಾಗದಲ್ಲಿ ಬಿರಿದವು, ಇಲ್ಲವೇ ಮೈ ಸಪಾಟು ಮಾಡಲೆಂದು ಫೇಸಿಂಗ್ ಹೊಡೆಸಿ ಹೊಡೆಸಿ ತೆಳ್ಳಗಾದವು. ಆದರೆ ನಾಲ್ಕು ವಾಲ್ವಿನ ಹೆಡ್ಡುಗಳು ರಾಶಿ ಬಿದ್ದಿದ್ದವು. ಆ ಪೀಳಿಗೆಯ ಕಾರುಗಳೂ ಈಗ ಗುಜರಿಗೆ ಬರುತ್ತಿವೆ. ಒಂದನ್ನು ಎತ್ತಿ ತಿರುಗಿಸಿದೆ. ಜೇಬಿನಲ್ಲಿ ಹಳೆಯ ಗ್ಯಾಸ್ಕೆಟ್ ಮಡಚಿ ತಂದಿದ್ದೆ. ಬಿಡಿಸಿ ಅದರ ಮೇಲಿಟ್ಟೆ. ಬೋಲ್ಟಿನ ತೂತುಗಳು ಒಂದೊಂದೂ ಹೊಂದಿಕೊಂಡವು. ಸಿಲಿಂಡರಿನ ಬಾಯಿ ಅಷ್ಟೇ ಅಗಲ. ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ಅದನ್ನೇ ನೋಡಿದೆ. ಶ್ರಾವಣದ ನಂತರ ಒಂದು ವಸ್ತುವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಪೂರ್ತಿ ಹೊಸ ಇಂಜಿನ್ನೇ ಹಾಕಬಹುದಿತ್ತಲ್ಲ ಎಂದು ಕೇಳುವವರುಂಟು. ಇಂಜಿನ್ ನಂಬರು ಕೊರೆದಿರುವುದು ಬ್ಲಾಕಿನ ಮೇಲೆ. ಅದನ್ನು ಬದಲಾಯಿಸಿದರೆ ಆರ್‌ಸಿ ತಿದ್ದಿಸಬೇಕು. ಅದು ಇನ್ನೂ ನನ್ನ ಹೆಂಡತಿಯ ಹೆಸರಿನಲ್ಲಿತ್ತು. ಆ ಓಡಾಟ ಯುಗಾದಿಯೊಳಗೆ ಮುಗಿಯುತ್ತಿರಲಿಲ್ಲ. ಇನ್ನೊಂದು ಕಾರಣವೂ ಇತ್ತು. ಅದನ್ನು ಯಾರಿಗೂ ಹೇಳಲಿಲ್ಲ, ಇಲ್ಲೂ ಹೇಳುವ ಅಗತ್ಯ ಕಾಣುವುದಿಲ್ಲ.

ಲೇತ್ ಕೆಲಸಕ್ಕೆ ನಾನು ಹೋಗುವುದು ಬೀದರ ಕಡೆಯ ಒಬ್ಬ ಉಸ್ತಾದರ ಹತ್ತಿರ. ಅವರ ಅಂಗಡಿ ನನ್ನ ಗ್ಯಾರೇಜಿನ ಹಿಂದಿನ ಗಲ್ಲಿಯಲ್ಲೇ. ಹೆಡ್ಡು ನೋಡಿ ಅವರು ಕನ್ನಡಕ ಹಣೆಗೇರಿಸಿದರು.

“ಅರೆ ಭಾಯಿ, ಕುದುರಿ ತಲಿ ತಂದು ಕತ್ತಿ ಮೈಗೆ ಕೂಡಸ್ತೀ ಏನು?”

“ಕತ್ತೀನೂ ಆ ಕಂಪನೀ ಮನೀದ, ಕುದುರೀನೂ ಅದs ಮನೀದರಿ.”

“ಹೌ, ಒಂದs ಮನಿಯವರು. ಅದಕ್ಕs ಜಗಳ ಜಾಸ್ತಿ ಆಗತಾವ” ಎಂದು ನಕ್ಕರು. ಆದರೆ ಹೆಡ್ಡನ್ನು ಕೆಳಗಿಡಲಿಲ್ಲ. ಬೆಳಕಿಗೆ ಹಿಡಿದು ಸ್ಕೇಲಿಟ್ಟು ಸಪಾಟಿದೆಯೇ ಎಂದು ನೋಡತೊಡಗಿದರು. ಅವರಿಗೂ ಆಸೆ ಹುಟ್ಟಿತ್ತು.

ಮೊದಲ ಜಗಳ ನೀರಿನದೇ ಆಯಿತು. ಬ್ಲಾಕಿನ ಮೇಲೆ ಕಾಗದ ಹಾಸಿ ಎಣ್ಣೆಗೈಯಿಂದ ಉಜ್ಜಿ ತೂತುಗಳ ಅಚ್ಚು ತೆಗೆದೆ. ಹೆಡ್ಡಿನದೂ ಹಾಗೇ ತೆಗೆದು ಎರಡನ್ನೂ ಕಿಟಕಿಯ ಗಾಜಿಗೆ ಒಂದರ ಮೇಲೊಂದು ಹಚ್ಚಿದೆ. ಮೂರನೆಯ ಸಿಲಿಂಡರಿನ ಹಿಂದಿನ ನೀರಿನ ದಾರಿ ಬ್ಲಾಕಿನಲ್ಲಿತ್ತು, ಹೆಡ್ಡಿನಲ್ಲಿ ಮುಚ್ಚಿತ್ತು. ಅಲ್ಲಿ ನೀರು ನಿಂತರೆ ಹಬೆಯಾಗುತ್ತದೆ. ಹಬೆಯಾದರೆ ಈ ಹೆಡ್ಡೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಉಸ್ತಾದರು ಹೆಡ್ಡಿನ ಆ ಜಾಗದಲ್ಲಿ ಕೊರೆದು ಒಳಗಿನ ನೀರಿನ ಕೋಣೆಗೆ ದಾರಿ ಮಾಡಿದರು. ಗ್ಯಾಸ್ಕೆಟ್ಟಿಗೂ ಅದೇ ಜಾಗದಲ್ಲಿ ನಾನು ಪಂಚ್ ಹೊಡೆದು ತೂತು ತೆಗೆದೆ. ಹೆಡ್ಡಿಗೆ ನೀರು ತುಂಬಿ ಒತ್ತಡ ಕೊಟ್ಟು ನೋಡಿದೆವು. ಒಂದು ಹನಿಯೂ ಸೋರಲಿಲ್ಲ.

ಪ್ಲಗ್ಗುಗಳಿಗೆ ಕಿಡಿ ಹಂಚುವ ಹಳೆಯ ಡಿಸ್ಟ್ರಿಬ್ಯೂಟರ್ ಎಲ್ಲಿ ಕೂರಿಸುವುದು ಎಂಬ ಚಿಂತೆಯೂ ಇತ್ತು. ನಮ್ಮ ಪುಣ್ಯಕ್ಕೆ ಹೊಸ ಹೆಡ್ಡಿನ ಹಿಂದೆ ಅದರ ಜಾಗವನ್ನು ಕಂಪನಿಯವರು ಮುಚ್ಚಳ ಹಾಕಿ ಹಾಗೇ ಉಳಿಸಿದ್ದರು. ಮನೆ ಬದಲಾದರೂ ದೇವರ ಗೂಡು ಉಳಿಯುತ್ತದಲ್ಲ, ಹಾಗೆ.

ಎರಡನೆಯ ಜಗಳ ಪಿಸ್ಟನ್ನಿನದು. ಹಳೆಯ ಪಿಸ್ಟನ್ನಿನ ತಲೆ ಎರಡು ವಾಲ್ವಿಗೆ ಎಂದು ಮಾಡಿದ್ದು. ಪಿಸ್ಟನ್ನು ಮೇಲೆ ಬಂದಾಗ ಹೊಸ ಹೆಡ್ಡಿನ ನಾಲ್ಕು ವಾಲ್ವುಗಳು ಅದಕ್ಕೆ ತಾಗುತ್ತವೆಯೇ? ಸುಮಾರು ಎರಡು ಮಿಲಿಮೀಟರಾದರೂ ಬಿಡುವು ಬೇಕು. ಇದನ್ನು ನೋಡುವ ಕ್ರಮ ಹೀಗಿದೆ. ಪಿಸ್ಟನ್ನಿನ ತಲೆಯ ಮೇಲೆ ಮೆತ್ತನೆಯ ಜೇಡಿಯ ಬಿಲ್ಲೆ ಇಟ್ಟು, ಹೆಡ್ಡು ಬಿಗಿದು, ಬೆಲ್ಟು ಹಾಕಿ, ಪಾನಾ ಸ್ಪ್ಯಾನರಿನಿಂದ ಇಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಬೇಕು. ಮತ್ತೆ ಹೆಡ್ಡು ಬಿಚ್ಚಿ, ವಾಲ್ವು ಒತ್ತಿದ ಗುರುತನ್ನು ಬ್ಲೇಡಿನಲ್ಲಿ ಸೀಳಿ, ಉಳಿದ ದಪ್ಪ ಅಳೆಯಬೇಕು.

ಜೇಡಿ ಇರಲಿಲ್ಲ. ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ನನ್ನ ಜೊತೆಗೇ ಇದ್ದಾರೆ. ನನಗೆ ಅವರು ಸೋದರತ್ತೆಯೇ ಆಗಬೇಕು. ಅಂದು ಚಪಾತಿಗೆ ಹಿಟ್ಟು ನಾದಿದ್ದರು. ಒಂದು ಉಂಡೆ ಕೇಳಿ ತಂದು ಎಣ್ಣೆ ಸವರಿ ಪಿಸ್ಟನ್ನಿನ ಮೇಲೆ ತಟ್ಟಿದೆ. ಬಿಚ್ಚಿ ಅಳೆದಾಗ ಎರಡು ಮಿಲಿಮೀಟರಿಗೂ ಮೇಲೆ ಬಂತು. ಉಸ್ತಾದರನ್ನು ಕೂಗಿದೆ. ಅವರು ಚಹಾ ತರಿಸಿದರು. ಹೆಡ್ಡು ಗೆದ್ದಿತು ಎಂದೇ ತಿಳಿದೆವು.

ಅತ್ತೆ ಮಧ್ಯಾಹ್ನ ಬುತ್ತಿ ತಂದರು. ಅವರಿಗೂ ತೋರಿಸೋಣವೆಂದು ಆ ಸೀಳಿದ ಬಿಲ್ಲೆಗೆ ಮತ್ತೆ ವರ್ನಿಯರ್ ಹಿಡಿದೆ. ಅಳತೆ ಬೆಳಿಗ್ಗೆಯದಕ್ಕಿಂತ ಹೆಚ್ಚಾಗಿತ್ತು. ಮತ್ತೊಮ್ಮೆ ಹಿಡಿದೆ. ಅಷ್ಟೇ ಬಂತು. ವರ್ನಿಯರ್ ಒರೆಸಿ ಸೊನ್ನೆಗೆ ತಂದು ನೋಡಿದೆ. ಅದರಲ್ಲೇನೂ ತಪ್ಪಿರಲಿಲ್ಲ.

“ಏನ್ ಅಳ್ಯಾಕತ್ತಿ ಯಪ್ಪಾ?”

“ವಾಲ್ವ ಎಷ್ಟ ಒತ್ತೈತಿ ಅಂತ ನೋಡಾಕತ್ತೀನಿ ಅತ್ತಿ. ಮುಂಜಾನಿ ಒಂದು ಬಂತು, ಈಗ ಒಂದು ಬರಾಕತ್ತೈತಿ.”

ಅತ್ತೆ ಉಳಿದ ಹಿಟ್ಟಿನ ಉಂಡೆಯನ್ನು ಬೆರಳಿನಿಂದ ಒತ್ತಿದರು. ಕುಳಿ ಬಿತ್ತು. ಬೆರಳು ತೆಗೆದ ಮೇಲೆ ಕುಳಿ ಮೆಲ್ಲಗೆ ಮೇಲೆದ್ದು ಬಂತು.

“ಇದು ಗೋಧಿ. ಜಿಗಿ ಇರತೈತಿ. ಒತ್ತಿದ್ರ ಒತ್ತಿದಂಗ ಮಾಡಿ ಮತ್ತ ಏಳತೈತಿ. ನಿನಗ ಖರೆ ಹೇಳೂ ಹಿಟ್ಟು ಬೇಕಂದ್ರ ಜ್ವಾಳದ್ದು ಕೇಳಬೇಕಿಲ್ಲೊ?”

ಮತ್ತೆ ಚಹಾಕ್ಕೆ ಬಂದಿದ್ದ ಉಸ್ತಾದರು ಲೋಟ ಕೆಳಗಿಟ್ಟರು. “ಅಮ್ಮಾ, ನಮ್ಮ ಟೂಲ್ ರೂಮಿಗೆ ಬಂದುಬಿಡ್ರಿ.”

“ಬರತೀನಿ. ರೊಟ್ಟಿ ಯಾರ ಬಡೀತಾರ, ನೀ ಬಡೀತಿ?”

ಮರುದಿನ ಅತ್ತೆ ಎಸರು ಹಾಕಿ ನಾದಿದ ಜೋಳದ ಹಿಟ್ಟು ಕೊಟ್ಟರು. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಬಿರಿಯುವ ಮೊದಲೇ ಕೆಲಸ ಮುಗಿಸಿದೆ. ಹೆಡ್ಡು ಬಿಚ್ಚಿದಾಗ ವಾಲ್ವಿನ ಗುರುತುಗಳು ನಾಣ್ಯದ ಮುದ್ರೆಯಷ್ಟು ಚೊಕ್ಕವಾಗಿದ್ದವು. ಅವುಗಳ ತಳದಲ್ಲಿ ಉಳಿದಿದ್ದ ಹಿಟ್ಟು ಹಪ್ಪಳದಷ್ಟು ತೆಳು. ಅರ್ಧ ಮಿಲಿಮೀಟರೂ ಇರಲಿಲ್ಲ. ಗೋಧಿಯನ್ನು ನಂಬಿ ಇಂಜಿನ್ ಶುರು ಮಾಡಿದ್ದರೆ, ಯಾದಗಿರಿಯ ಹೆಣ್ಣುಮಗಳು ಒಮ್ಮೆ ಜೋರಾಗಿ ರೇಸು ಒತ್ತಿದ ಕೂಡಲೇ ವಾಲ್ವು ಬಾಗಿ ಎಲ್ಲವೂ ಮುಗಿಯುತ್ತಿತ್ತು.

“ಎರಡು ಗ್ಯಾಸ್ಕೆಟ್ ಹಾಕಿಬಿಡು. ಹೆಡ್ಡು ಎತ್ತರ ಆಗತದ, ತಾಗೂದಿಲ್ಲ. ಎಲ್ಲಾರೂ ಹಂಗೇ ಮಾಡತಾರ” ಎಂದರು ಉಸ್ತಾದರು.

ಹಾಗೆ ಮಾಡಬಹುದು. ಆದರೆ ಹೆಡ್ಡು ಮೇಲಾದಷ್ಟೂ ಒಳಗಿನ ಒತ್ತಡ ಇಳಿಯುತ್ತದೆ, ಇಂಜಿನ್ನಿಗೆ ದಮ್ಮು ಕಡಿಮೆಯಾಗುತ್ತದೆ. ಬೇಡವೆಂದೆ. ಇಂಜಿನ್ನನ್ನು ಪೂರ್ತಿ ಕೆಳಗಿಳಿಸಿ ಪಿಸ್ಟನ್ನುಗಳನ್ನು ಹೊರತೆಗೆದು ಅವುಗಳ ತಲೆಯಲ್ಲಿ ವಾಲ್ವಿಗೆ ಕುಳಿ ಕಡಿಯುವುದು ಎಂದು ನಿಶ್ಚಯಿಸಿದೆ. ಕೆಲಸ ಇಮ್ಮಡಿಯಾಯಿತು. ಸಂಕ್ರಾಂತಿಯ ಎಳ್ಳು ಆ ವರ್ಷ ಗ್ರೀಸು ಹತ್ತಿದ ಕೈಯಲ್ಲೇ ತಿಂದೆ.

ಕುಳಿ ಕಡಿಯಲು ಲೋಹ ಸಾಕಷ್ಟು ದಪ್ಪವಿದೆಯೇ ಎಂದು ತಿಳಿಯಬೇಕಿತ್ತು. ಗುಜರಿಯಿಂದ ಅದೇ ಜಾತಿಯ ಹಾಳಾದ ಪಿಸ್ಟನ್ ತಂದು ಗರಗಸದಲ್ಲಿ ನಡುವೆ ಸೀಳಿ ನೋಡಿದೆ. ಬೇಕಾದಷ್ಟು ದಪ್ಪವಿತ್ತು. ಕುಳಿ ಎಲ್ಲಿ ಬರಬೇಕೆಂದು ಗುರುತಿಸಲು ಹಳೆ ವಾಲ್ವಿನ ಕಾಂಡವನ್ನು ಸೂಜಿಯಂತೆ ಮಸೆದು, ಹೆಡ್ಡಿನಲ್ಲಿ ವಾಲ್ವು ಓಡಾಡುವ ಗೈಡಿನೊಳಗೆ ಮೇಲಿನಿಂದ ಇಳಿಬಿಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟೆ. ಪಿಸ್ಟನ್ನಿನ ಮೇಲೆ ಚುಕ್ಕೆ ಬಿತ್ತು. ಉಸ್ತಾದರು ಒಂದೊಂದೇ ಚುಕ್ಕೆಯನ್ನು ನಡುವಾಗಿಟ್ಟುಕೊಂಡು ಕಡಿದರು. ಆ ಕೆಲಸದ ಹೊತ್ತಿನಲ್ಲಿ ಅವರು ಮಾತಾಡುವುದಿಲ್ಲ, ರೇಡಿಯೊ ಕೂಡ ಬಂದ್ ಮಾಡುತ್ತಾರೆ.

ಮೂರೂ ಪಿಸ್ಟನ್ನುಗಳ ತೂಕ ಒಂದೇ ಇರಬೇಕು, ಇಲ್ಲದಿದ್ದರೆ ಇಂಜಿನ್ ನಡುಗುತ್ತದೆ. ನನ್ನಲ್ಲಿ ಅಷ್ಟು ಸೂಕ್ಷ್ಮದ ತಕ್ಕಡಿ ಇರಲಿಲ್ಲ. ರಸ್ತೆಯಾಚೆಯ ಬಂಗಾರದ ಅಂಗಡಿಗೆ ಪಿಸ್ಟನ್ನುಗಳನ್ನು ಪಂಚೆಯಲ್ಲಿ ಸುತ್ತಿಕೊಂಡು ಹೋದೆ. ಇದು ಎಷ್ಟು ಕ್ಯಾರೆಟ್ಟಿನದು ಎಂದು ಅಂಗಡಿಯಾತ ತೆಲುಗಿನಲ್ಲಿ ಕೇಳಿ ನಕ್ಕ. ಆದರೂ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ ತೆಗೆದು ಕೊಟ್ಟ. ಎರಡನೆಯ ಪಿಸ್ಟನ್ ಒಂದಿಷ್ಟು ಭಾರ ಬಂತು. ಅವನ ಮೆಟ್ಟಿಲ ಮೇಲೆ ಕೂತು ಒಳಬದಿಯನ್ನು ಅರದಿಂದ ಉಜ್ಜುವುದು, ಒಳಗೆ ಹೋಗಿ ತೂಗುವುದು, ಮತ್ತೆ ಬಂದು ಉಜ್ಜುವುದು. ಕೊನೆಗೆ ಮೂರೂ ಹೊಂದಿಕೊಂಡಾಗ ಬಳೆ ಕೊಳ್ಳಲು ಬಂದಿದ್ದ ಹೆಂಗಸರೂ ನನ್ನ ಜೊತೆ ಸಂತೋಷಪಟ್ಟರು.

ಇಂಜಿನ್ ಕೂಡಿಸಿದೆ. ಬೋಲ್ಟುಗಳನ್ನು ನಡುವಿನಿಂದ ಹೊರಗೆ, ಮೂರು ಹಂತಗಳಲ್ಲಿ, ಬಿಗಿತ ತೋರಿಸುವ ಟಾರ್ಕ್ ಪಾನಾದಿಂದ ಬಿಗಿದೆ. ಮತ್ತೊಮ್ಮೆ ಜೋಳದ ಹಿಟ್ಟಿನ ಪರೀಕ್ಷೆಯಾಯಿತು. ಈ ಸಲ ಬಿಡುವು ಸರಿಯಾಗಿತ್ತು. ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ ಹಳೆಯ ಕಾರ್ಬೊರೇಟರನ್ನು ಹೊಸ ಹೆಡ್ಡಿಗೆ ಹೊಂದಿಸಲು ಉಸ್ತಾದರು ಅಲ್ಯುಮಿನಿಯಂನ ದಪ್ಪ ತಟ್ಟೆಯೊಂದನ್ನು ಕೊರೆದು ಕೊಟ್ಟರು. ಹೆಡ್ಡಿನ ಬಾಯಿ ಎಷ್ಟು ಅಗಲವೋ ಅಷ್ಟೇ ಅಗಲದ ದಾರಿಗಳು, ಒಳಗೆಲ್ಲ ಕನ್ನಡಿಯ ಹಾಗೆ ನುಣುಪು.

ಶುರು ಮಾಡುವ ದಿನ ಅತ್ತೆ ಗಾಲಿಗೆ ನಿಂಬೆಹಣ್ಣಿಟ್ಟು ತೆಂಗಿನಕಾಯಿ ಒಡೆದರು. ಚಾವಿ ತಿರುಗಿಸಿದೆ. ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಹಿಡಿಯಿತು. ಹೊಗೆಯಿಲ್ಲ, ಟಕಟಕ ಸದ್ದಿಲ್ಲ. ಉಸ್ತಾದರು ತಾವೇ ತೆಗೆದುಕೊಂಡು ರಿಂಗ್ ರೋಡಿನಲ್ಲಿ ಒಂದು ಸುತ್ತು ಹೋಗಿ ಬಂದರು. ಇಳಿಯುವಾಗ ಅವರ ಮುಖ ಹರೆಯದವರ ಹಾಗಿತ್ತು.

“ಗಾಡಿ ಅಲ್ಲ ಇದು, ಹವಾಯಿ ಜಹಾಜ್! ಬೇಗಂಪೇಟೆ ಹಳೇ ಏರ್‌ಪೋರ್ಟಿನ ರನ್‌ವೇ ಖಾಲಿ ಅದ, ಅಲ್ಲಿ ಒಯ್ದು ಬಿಡು.”

ನನಗೂ ಹೆಮ್ಮೆಯಾಗಿತ್ತು. ಸಂಜೆ ಯಾದಗಿರಿಯ ಹೆಣ್ಣುಮಗಳಿಗೆ ಹೇಳಿಕಳಿಸಿದೆ. ಅವಳು ಸೀಟಿಗೆ ಕೈಮುಗಿದು ಕೂತಳು. ನಾನು ಎಡಗಡೆ ಕೂತೆ. ಕಾಲ ಕೆಳಗೆ ಚಪ್ಪಲಿಗಳು ತಾಗಿದವು. ಹಿಂದಕ್ಕೆ ಸರಿಸಿದೆ.

ಅವಳು ಕ್ಲಚ್ ಬಿಟ್ಟಳು. ಗಾಡಿ ಜಗ್ಗಿ ಬಂದ್ ಬಿತ್ತು. ಮತ್ತೆ ಶುರು ಮಾಡಿ ಬಿಟ್ಟಳು. ಮತ್ತೆ ಬಂದ್. ಹಿಂದೆ ಒಬ್ಬ ಆಟೊದವನು ಹಾರ್ನ್ ಒತ್ತಿ, ದಾಟುವಾಗ ತಲೆ ಹೊರಹಾಕಿ ಏನೋ ಅಂದು ಹೋದ. ನನ್ನ ಹೆಂಡತಿ ಕಲಿಸುತ್ತಿದ್ದ ಮೈದಾನದ ಸುತ್ತಿನ ರಸ್ತೆಯಲ್ಲಿ ಒಂದು ಸುತ್ತೂ ಮುಗಿಯಲಿಲ್ಲ. ಅವಳು ಸ್ಟೇರಿಂಗಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು.

“ಅಣ್ಣಾರ, ನನ್ನ ಕಾಲ ಕೆಟ್ಟೈತೋ, ಗಾಡಿ ಕೆಟ್ಟೈತೋ? ಅಕ್ಕಾರ ಇದ್ದಾಗ ಹಿಂಗ ಬಂದ್ ಬೀಳ್ತಿದ್ದಿಲ್ಲ.”

“ಭಾಳ ದಿನ ಆತಲ್ಲ, ರೂಢಿ ತಪ್ಪೈತಿ” ಎಂದೆ. ನನಗದು ಸರಿಯಾದ ಉತ್ತರ ಅನ್ನಿಸಲಿಲ್ಲ. “ಆಕಿ ಹೆಂಗ ಕಲಿಸ್ತಿದ್ದಳು, ಹೇಳು.”

“ಮೊದಲ ಎಂಟು ದಿನ ರೇಸ್ ಮುಟ್ಟಾಕ ಬಿಡ್ತಿದ್ದಿಲ್ಲರಿ. ಬರೇ ಕ್ಲಚ್‌ನ್ಯಾಗ ಗಾಡಿ ಎತ್ತು ಅಂತಿದ್ರು. ಕೂಸಿನ ತೊಟ್ಟಲದಾಗಿಂದ ಎತ್ತಿದಂಗ. ಗಾಡಿ ತಾನs ಬರತೈತಿ ಅಂತಿದ್ರು.”

ಅವಳನ್ನು ಇಳಿಸಿ ನಾನು ಆ ಸೀಟಿಗೆ ಹೋದೆ. ರೇಸು ಮುಟ್ಟದೆ, ಬರೀ ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುತ್ತ ಬಂದೆ. ಗಾಡಿ ನಡುಗಿತು, ಬಂದ್ ಬಿತ್ತು. ಇನ್ನೊಮ್ಮೆ ಮಾಡಿದೆ. ಹಾಗೇ ಆಯಿತು. ಇಷ್ಟು ವರ್ಷ ಗಾಡಿಯೊಳಗೇ ಬದುಕಿದ ನನ್ನ ಕಾಲಿಗೂ ಅದು ಏಳಲಿಲ್ಲ.

“ನಿನ್ನ ಕಾಲು ಕೆಟ್ಟಿಲ್ಲ ತಂಗಿ. ನಾ ಮಾಡಿದ ಇಂಜಿನ್ ಕೆಟ್ಟೈತಿ” ಎಂದೆ.

ಆ ಸಂಜೆ ಗ್ಯಾರೇಜಿನಲ್ಲಿ ಕಾರಿನ ಎದುರು ಸ್ಟೂಲು ಹಾಕಿಕೊಂಡು ಕೂತೆ. ಈ ಸಲ ಬೆನ್ನು ಹಾಕಿ ಅಲ್ಲ. ಹೆಡ್ಡು ಬದಲಾಯಿಸುವವರೆಲ್ಲ ಮಾಡುವುದು ವೇಗಕ್ಕೆ. ನಾಲ್ಕು ವಾಲ್ವು, ಅಗಲವಾದ ದಾರಿ, ಮೇಲಿನ ರೇಸಿನಲ್ಲಿ ಹಾರುವ ಗಾಡಿ. ನಾನೂ ಉಸ್ತಾದರೂ ಆ ದಾರಿಯಲ್ಲೇ ಯೋಚಿಸಿದ್ದೆವು, ಅದನ್ನು ಅನುಮಾನಿಸಲೂ ಇಲ್ಲ. ಆದರೆ ಈ ಕಾರಿಗೆ ವೇಗ ಯಾಕೆ ಬೇಕು? ಇದು ಬದುಕಿಡೀ ಮಾಡಿದ ಕೆಲಸ ಒಂದೇ, ನಿಂತಲ್ಲಿಂದ ಹೊರಡುವುದು. ದಿನಕ್ಕೆ ನೂರು ಸಲ, ಹೆದರಿದ ಕಾಲುಗಳ ಕೆಳಗೆ, ನಿಲ್ಲುವುದು ಮತ್ತು ಹೊರಡುವುದು. ನಾನು ಅದರಿಂದ ಆ ಒಂದು ಗುಣವನ್ನೇ ಕಿತ್ತುಹಾಕಿದ್ದೆ.

ದೋಷ ಗಾಳಿಯದು. ಇಂಜಿನ್ ನಿಧಾನಕ್ಕೆ ತಿರುಗುವಾಗ ಅದು ಎಳೆಯುವ ಉಸಿರು ಸಣ್ಣದು. ಅಷ್ಟು ಅಗಲದ ದಾರಿಯಲ್ಲಿ ಸಣ್ಣ ಉಸಿರು ಸೋಮಾರಿಯಾಗುತ್ತದೆ, ಪೆಟ್ರೋಲನ್ನು ಸರಿಯಾಗಿ ಹೊತ್ತು ತರುವುದಿಲ್ಲ. ಒಲೆಯನ್ನು ಬಾಯಗಲಿಸಿ ಊದಿದರೆ ಬೂದಿ ಹಾರುತ್ತದೆ. ಊದುಗೊಳವೆಯಲ್ಲಿ ಊದಿದರೆ ಕೆಂಡ ಹೊತ್ತುತ್ತದೆ. ಉಸಿರು ಅಷ್ಟೇ, ದಾರಿ ಕಿರಿದು.

ಮರುದಿನ ಉಸ್ತಾದರಿಗೆ ಹೇಳಿದೆ. ಕಾರ್ಬೊರೇಟರಿನ ಕೆಳಗಿನ ತಟ್ಟೆ ಬೇರೆ ಮಾಡಬೇಕು, ಕಿರಿದಾದ, ಉದ್ದನೆಯ ದಾರಿಯದು. ಹೆಡ್ಡಿನ ಬಾಯಿಯೊಳಗೂ ಅಲ್ಯುಮಿನಿಯಂ ಕೊಳವೆ ಕೂರಿಸಿ ಕಿರಿದು ಮಾಡಬೇಕು.

ಅವರು ನನ್ನನ್ನೇ ನೋಡಿದರು. “ಹುಚ್ಚ ಹಿಡದದೇನು? ಕುದುರಿ ತಂದು ಅದರ ಕಾಲು ಕಟ್ಟತೀ?”

“ಕುದುರಿ ಓಡಿಸಾಕ ಅಲ್ರಿ ಉಸ್ತಾದ, ಏರಾಕ ಕಲಿಸಾಕ.”

“ಮ್ಯಾಲಿನ ಸ್ಪೀಡ್ ಎಲ್ಲಾ ಹೋಗತದ. ನನ್ನ ಕೆಲಸ ನಾನೇ ಮುಚ್ಚಬೇಕು. ಕನ್ನಡಿ ಮಾಡಿದ್ದೆ ಒಳಗ, ಕನ್ನಡಿ!”

“ಹೋಗಲಿರಿ.”

ಅವರು ಸಿಟ್ಟಿನಿಂದ ಲೇತಿನ ಕಡೆ ತಿರುಗಿದರು. ಸ್ವಲ್ಪ ಹೊತ್ತಿಗೆ ರೇಡಿಯೊ ಬಂದ್ ಆದದ್ದು ಕೇಳಿಸಿತು.

ಕೊಳವೆಗಳನ್ನು ಫ್ರಿಜ್ಜಿನಲ್ಲಿಟ್ಟು ತಣಿಸಿ, ಹೆಡ್ಡನ್ನು ಬಿಸಿ ಮಾಡಿ, ಒಳಗೆ ತಳ್ಳಿದೆವು. ಎರಡೂ ಒಂದೇ ಬಿಸಿಗೆ ಬಂದಾಗ ಕೊಳವೆಗಳು ಕಚ್ಚಿ ಕೂತವು. ಮೊದಲ ಅಳತೆಯ ದಾರಿ ಸಾಲಲಿಲ್ಲ, ಇನ್ನೂ ಕಿರಿದು ಮಾಡಿದೆವು. ಅದು ಅತಿಯಾಗಿ ಮೂರನೆಯ ಗೇರಿನಲ್ಲೇ ಉಸಿರು ಕಟ್ಟಿತು. ಒಂದು ಕೂದಲೆಳೆ ಬಿಡಿಸಿದರು. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ಜೆಟ್ಟು ಬದಲಿಸಿದೆ, ಡಿಸ್ಟ್ರಿಬ್ಯೂಟರನ್ನು ಇಷ್ಟಿಷ್ಟೇ ತಿರುಗಿಸುತ್ತ ಸದ್ದು ಕೇಳಿದೆ. ಮಾಘ ಕಳೆಯಿತು. ಪ್ರತಿ ಸಲವೂ ನನ್ನ ಪರೀಕ್ಷೆ ಒಂದೇ. ಬರಿಗಾಲು, ರೇಸು ಮುಟ್ಟದೆ, ಬರೀ ಕ್ಲಚ್ಚು.

ಒಂದು ಬೆಳಿಗ್ಗೆ ಗ್ಯಾರೇಜಿನ ಬಾಗಿಲಲ್ಲಿ ಕ್ಲಚ್ ಬಿಡುತ್ತ ಬಂದೆ. ಇಂಜಿನ್ನಿನ ಸದ್ದು ಒಂದು ಎಳೆ ಇಳಿಯಿತು, ಬೀಳಲಿಲ್ಲ. ಹೆಗಲು ಕೊಟ್ಟ ಹಾಗೆ ತಾನೇ ತುಂಬಿಕೊಂಡಿತು. ಗಾಡಿ ಹೊಸ್ತಿಲು ದಾಟಿ, ಏರು ಹತ್ತಿ, ರಸ್ತೆಗೆ ಬಂತು. ನಾನು ಬ್ರೇಕ್ ಹಾಕಲೇ ಇಲ್ಲ. ಎದುರಿಗೆ ಹಾಲು ತರುತ್ತಿದ್ದ ಅತ್ತೆ ಪಕ್ಕಕ್ಕೆ ಸರಿದು, ಕಾರಿನ ಬೆನ್ನಿಗೆ ಎಮ್ಮೆಗೆ ಕೊಡುವ ಹಾಗೆ ಒಂದು ಏಟು ಕೊಟ್ಟರು.

ಹೆಣ್ಣುಮಗಳು ಅಂದೇ ಬಂದಳು. ಮೊದಲ ಸಲಕ್ಕೇ ಎತ್ತಿದಳು. ಎತ್ತಿದ ಕೂಡಲೇ ನಕ್ಕಳು. ಅವಳು ನಕ್ಕದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

“ಬಂತ್ರಿ ಅಣ್ಣಾರ! ನಮ್ಮ ಗಾಡೀನs ಇದು.”

ಮುಂದೆ ನಾನು ಕಲಿಸಿದ್ದೇನೂ ಇಲ್ಲ. ಬೆಳಿಗ್ಗೆ ಕಟ್ಟಡದ ಕೆಲಸಕ್ಕೆ ಹೋಗುವ ಮೊದಲು ಅವಳು ಬರುತ್ತಿದ್ದಳು. ನಾನು ಎಡಗಡೆ ಕೂರುತ್ತಿದ್ದೆ, ಅಪಾಯ ಕಂಡಾಗ ಬ್ರೇಕ್ ಒತ್ತುತ್ತಿದ್ದೆ. ಅವಳೇ ತನಗೆ ತಾನು ಜೋರಾಗಿ ಪಾಠ ಹೇಳಿಕೊಳ್ಳುತ್ತಿದ್ದಳು. “ಕನ್ನಡಿ ನೋಡು. ಈಗ ಕೈ ತೋರಸು. ಹಾರ್ನ್ ಬ್ಯಾಡ, ಮುದುಕ ಅದಾನ, ಹೋಗಲಿ.” ಮಾತು ಅವಳದು, ಆದರೆ ಧಾಟಿ ನನಗೆ ಗೊತ್ತಿತ್ತು. ‘ಹೋಗಲಿ’ ಎನ್ನುವಾಗ ಕೊನೆಯಲ್ಲಿ ಸ್ವರ ಇಳಿಸುವುದು ಕೂಡ ಹಾಗೇ. ಕೆಲವು ಬೆಳಿಗ್ಗೆ ನಾನು ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದೆ.

ಯುಗಾದಿಗೆ ಕೆಲವೇ ದಿನ ಮೊದಲು ಟೆಸ್ಟು. ಟ್ರ್ಯಾಕಿನಲ್ಲಿ ಕಲಿತವರು ಒಬ್ಬರೇ ಗಾಡಿ ಹೊಡೆಯಬೇಕು. ನಾನು ಬೇಲಿಯ ಆಚೆ ನಿಂತೆ. ಉಸ್ತಾದರು ಅಂಗಡಿ ಮುಚ್ಚಿ ಬಂದಿದ್ದರು. ಸಾಲಿನಲ್ಲಿದ್ದ ಹೊಸ ಹೊಸ ಕಾರುಗಳ ನಡುವೆ ನಮ್ಮದು ಆಟಿಕೆಯಂತಿತ್ತು. ಒಬ್ಬ ಹುಡುಗ “ಇದು ನಡೀತದಾ?” ಎಂದು ಹಿಂದಿಯಲ್ಲಿ ಕೇಳಿದ್ದಕ್ಕೆ ಉಸ್ತಾದರು “ಬೇಟಾ, ನಿನ್ನದು ಬಂದ್ ಬಿದ್ದರ ಇದs ಎಳಕೊಂಡು ಬರತದ” ಎಂದರು.

ಎಂಟರ ಆಕಾರದ ದಾರಿ ದಾಟಿದಳು. ಹಿಂದಕ್ಕೆ ತೆಗೆದುಕೊಳ್ಳುವುದನ್ನೂ ಮುಗಿಸಿದಳು. ಕೊನೆಗೆ ಉಳಿದದ್ದು ಏರು. ಏರಿನ ನಡುವೆ ಪೂರ್ತಿ ನಿಲ್ಲಿಸಿ, ಹಿಂದೆ ಜಾರದೆ, ಬಂದ್ ಬೀಳಿಸದೆ ಮತ್ತೆ ಹೊರಡಬೇಕು. ಅವಳಿಗಿಂತ ಮುಂದಿದ್ದ ಒಂದು ಹೊಸ ಕಾರು ಅಲ್ಲೇ ಬಂದ್ ಬಿದ್ದು ಹಿಂದಕ್ಕೆ ಜಾರಿತ್ತು.

ಅವಳು ನಿಲ್ಲಿಸಿದಳು. ಹ್ಯಾಂಡ್‌ಬ್ರೇಕ್ ಎಳೆದ ಸದ್ದು ಬೇಲಿಯವರೆಗೆ ಕೇಳಿಸಿತು. ಇಂಜಿನ್ನಿನ ಸದ್ದಿಗಾಗಿ ನಾನು ಕಣ್ಣು ಮುಚ್ಚಿದೆ. ಅದು ಒಂದು ಎಳೆ ಇಳಿಯಿತು. ಅಲ್ಲೇ ತಡೆದು ನಿಂತಿತು. ಆಮೇಲೆ ಹೆಗಲು ಕೊಟ್ಟಿತು. ಕಣ್ಣು ಬಿಟ್ಟಾಗ ಪುಟ್ಟ ಕಾರು ಏರಿನ ನೆತ್ತಿಯ ಮೇಲಿತ್ತು. ಉಸ್ತಾದರು ನನ್ನ ಬೆನ್ನಿಗೆ ಗುದ್ದಿ, “ಹೌ! ಚಲೋ ಮಾಡಿದಿ ಕಾಲು ಕಟ್ಟಿದ್ದು!” ಎಂದು ಕೂಗಿದರು. ಕೆಳಗೆ ನೋಡಿದರೆ ನನ್ನ ಬಲಗಾಲು ಮಣ್ಣಿನಲ್ಲಿ ಕುಳಿ ತೋಡಿತ್ತು. ಇಲ್ಲದ ಬ್ರೇಕನ್ನು ಅಷ್ಟೂ ಹೊತ್ತು ಒತ್ತಿ ಹಿಡಿದಿದ್ದೆ.

ಪಾಸಾಗಿದ್ದಳು. ಹೊರಗೆ ಬಂದವಳು ಚಾವಿ ಕೊಡಲಿಲ್ಲ.

“ಕುಂದ್ರಿ ಅಣ್ಣಾರ. ಮನೀತನಾ ನಾ ಬಿಡ್ತೀನಿ.”

ಉಸ್ತಾದರು ಹಿಂದೆ ಕೂತರು, ನಾನು ಎಡಗಡೆ. ಉಪ್ಪಲ್ ಸಿಗ್ನಲ್ಲಿಗೆ ಬಂದಾಗ ಕೆಂಪು ಬಿತ್ತು. ಮೆಟ್ರೊ ಕಂಬಗಳ ಕೆಳಗೆ ಬಸ್ಸು, ಲಾರಿ, ಆಟೊ ಎಲ್ಲವೂ ನಮ್ಮನ್ನು ಸುತ್ತುವರಿದು ನಿಂತವು. ನಾನು ಬಗ್ಗಿ ಚಪ್ಪಲಿ ಬಿಚ್ಚಿ ನನ್ನ ಹೆಂಡತಿಯ ಚಪ್ಪಲಿಗಳ ಪಕ್ಕದಲ್ಲಿಟ್ಟೆ. ಆಮೇಲೆ ಎರಡೂ ಕಾಲೆತ್ತಿ ಸೀಟಿನ ಮೇಲೆ ಮಡಚಿ ಕೂತೆ.

ಹೆಣ್ಣುಮಗಳು ಒಮ್ಮೆ ನನ್ನ ಕಾಲುಗಳನ್ನು ನೋಡಿದಳು. ಸೆರಗಿನಿಂದ ಕಣ್ಣೊರೆಸಿ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದಳು.

ಹಸಿರು ಬಿತ್ತು. ಗಾಡಿ ಹೊರಟಿತು.